ಎರಡು ಗೂಟಗಳ ನಡುವೆ

2022ರ ಮೇ 31ರ ಸಂಜೆ ಕಾಲೇಜಿನ ಕ್ರೀಡಾ ಕೊಠಡಿಯಲ್ಲಿ ಸ್ಟಾಕ್ ರಿಜಿಸ್ಟರ್ ಬಿಚ್ಚಿಟ್ಟುಕೊಂಡು ಇಬ್ಬರು ಕೂತಿದ್ದೆವು. ಒಂದು ಕಡೆ ಅವತ್ತು ಚಾರ್ಜ್ ಒಪ್ಪಿಸಿ ಹೊರಡುತ್ತಿದ್ದ ಫಿಸಿಕಲ್ ಡೈರೆಕ್ಟರ್, ಅಂದರೆ ಪಿ.ಡಿ. ಆದ ನಾನು, ಎದುರಿಗೆ ಅರ್ಥಶಾಸ್ತ್ರದ ಮೇಡಂ. ನನ್ನ ಜಾಗಕ್ಕೆ ಯಾರನ್ನೂ ಹಾಕಿರಲಿಲ್ಲ. ಹಾಗಾಗಿ ಕ್ರೀಡಾ ವಿಭಾಗದ ಪ್ರಭಾರ ಅವರ ಹೆಗಲಿಗೆ ಬಿದ್ದಿತ್ತು. ನಾನು ಒಂದೊಂದೇ ಓದುತ್ತಾ ಹೋದೆ, ಅವರು ಸಾಮಾನು ಮುಟ್ಟಿ ನೋಡಿ ಟಿಕ್ ಹಾಕುತ್ತಾ ಹೋದರು. ವಾಲಿಬಾಲ್ ಒಂಬತ್ತು, ಅದರಲ್ಲಿ ಬ್ಲಾಡರ್ ಹೋದವು ನಾಲ್ಕು. ಥ್ರೋಬಾಲ್ ಮೂರು. ಜಾವೆಲಿನ್ ಮೂರು, ಒಂದು ಬಾಗಿದ್ದು. ಖೋ ಖೋ ಕಂಬ ಒಂದು ಜೊತೆ. ಗುಂಡು, 7.26 ಕೆ.ಜಿ.ಯದು ಎರಡು, 4 ಕೆ.ಜಿ.ಯದು ಎರಡು.

“ಸರ್, ಈ ಗುಂಡು ಯಾವ ವರ್ಷದ್ದು? ಇಲ್ಲಿ ಬರೆದಿಲ್ವಲ್ಲ?” ಅಂದರು ಮೇಡಂ.

ನಾನು 1992ರಲ್ಲಿ ಸೇರಿದಾಗಲೂ ಆ ಕಾಲಂ ಹಾಗೇ ಖಾಲಿ ಇತ್ತು. ನನ್ನ ಹಿಂದಿನವರು ಎಲ್ಲಿಂದಲೋ ತಂದಿಟ್ಟ ಕಬ್ಬಿಣ ಅದು. ಮೂವತ್ತು ವರ್ಷ ಕೈಯಿಂದ ಕೈಗೆ ಹೋಗಿ ನುಣ್ಣಗಾಗಿತ್ತು. ರಿಜಿಸ್ಟರ್ ಮುಗಿದು ಇಬ್ಬರೂ ಸಹಿ ಹಾಕಿದ ಮೇಲೆ ನನಗೆ ನೆನಪಾಯಿತು, ಎಲ್ಲಕ್ಕಿಂತ ಮುಖ್ಯವಾದದ್ದು ಇದರಲ್ಲಿ ಬರೆದೇ ಇಲ್ಲ. “ಮೇಡಂ, ಒಂದು ಐದು ನಿಮಿಷ ಗ್ರೌಂಡಿಗೆ ಬರ್ತೀರಾ?” ಅಂತ ಕೇಳಿದೆ. ಆ ಐದು ನಿಮಿಷದ ವಿಷಯಕ್ಕೆ ಆಮೇಲೆ ಬರುತ್ತೇನೆ.

ನಮ್ಮದು ಶಿವಮೊಗ್ಗ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದ ಪ್ರಥಮ ದರ್ಜೆ ಕಾಲೇಜು. 1987ರಲ್ಲಿ ಕುವೆಂಪು ವಿಶ್ವವಿದ್ಯಾಲಯ ಹುಟ್ಟಿದ ಮೇಲೆ ಈ ಭಾಗದ ಕಾಲೇಜುಗಳ ಆಟೋಟವೆಲ್ಲ ಅದರ ಕೇಂದ್ರವಾದ ಶಂಕರಘಟ್ಟದ ಲೆಕ್ಕಕ್ಕೆ ಬಂತು. ನಾನು ಸೇರುವಾಗ ವಿಶ್ವವಿದ್ಯಾಲಯಕ್ಕೇ ಐದು ವರ್ಷ. ಬೆಂಗಳೂರಿನಲ್ಲಿ ದೈಹಿಕ ಶಿಕ್ಷಣದ ಸ್ನಾತಕೋತ್ತರ ಪದವಿ ಎಂ.ಪಿ.ಎಡ್. ಮುಗಿಸಿ ಬಂದವನು ನಾನು, ವಾಲಿಬಾಲ್‌ನಲ್ಲಿ ಹೊಡೆಯುವವನಿಗೆ ಚೆಂಡು ಎತ್ತಿಕೊಡುವ ಸೆಟ್ಟರ್. ಈ ಕಾಲೇಜನ್ನು ವಾಲಿಬಾಲ್ ಕಾಲೇಜು ಮಾಡಿಬಿಡಬೇಕು ಅನ್ನುವ ಹುಮ್ಮಸ್ಸು ತಲೆತುಂಬ ಇತ್ತು. ಮೊದಲ ದಿನ ಪ್ರಾಂಶುಪಾಲರ ಮುಂದೆ ಜಾಯಿನಿಂಗ್ ರಿಪೋರ್ಟ್ ಇಟ್ಟಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: “ನಿಮಗೆ ಚೆಸ್ ಬರುತ್ತಾ? ಮುಂದಿನ ವಾರ ಟೀಮ್ ಕಳಿಸಬೇಕು.”

ಚೆಸ್ ಬರುತ್ತಿರಲಿಲ್ಲ. ನಡೆ ಕಲಿತುಕೊಂಡು ತಂಡ ಕರೆದುಕೊಂಡು ಹೋದೆ. ಆ ವರ್ಷವೇ ಕಬಡ್ಡಿ, ಖೋ ಖೋ, ಬಾಲ್ ಬ್ಯಾಡ್ಮಿಂಟನ್, ಥ್ರೋಬಾಲ್, ಅಥ್ಲೆಟಿಕ್ಸ್, ಕ್ರಾಸ್ ಕಂಟ್ರಿ, ಕೊನೆಗೆ ಕುಸ್ತಿಗೂ ನಾನೇ ಕೋಚ್, ನಾನೇ ಮ್ಯಾನೇಜರ್. ಬಸ್ಸಿನಲ್ಲಿ ಸೀಟು ಹಿಡಿಯುವವನು, ಮಂಡಿಗೆ ಬ್ಯಾಂಡೇಜ್ ಸುತ್ತುವವನು, ರಾತ್ರಿ ಲಾಡ್ಜಿನಲ್ಲಿ ತಲೆ ಎಣಿಸುವವನೂ ನಾನೇ. ಯಾವ ಆಟಕ್ಕೂ ಪೂರ್ತಿ ಕೋಚ್ ಆಗಲಿಲ್ಲವಲ್ಲ ಅನ್ನುವ ನೋವು ಮೊದಲ ಏಳೆಂಟು ವರ್ಷ ನನ್ನನ್ನು ಬಹಳ ಕಾಡಿತು. ರಾಷ್ಟ್ರೀಯ ಕ್ರೀಡಾ ಸಂಸ್ಥೆಯ (ಎನ್.ಐ.ಎಸ್.) ಕೋಚ್ ತರಬೇತಿ ಮುಗಿಸಿ ಒಂದೇ ಆಟ ಹಿಡಿದು ಕೂತ ಗೆಳೆಯರು ಸಿಕ್ಕಾಗ ಅವರ ಮಾತಿನಲ್ಲಿ ಇರುತ್ತಿದ್ದ ಆಳ ನನ್ನಲ್ಲಿ ಇರಲಿಲ್ಲ. ಅದನ್ನು ಈಗಲೂ ಒಪ್ಪಿಕೊಳ್ಳುತ್ತೇನೆ.

ಆದರೆ ನಮ್ಮ ಕೆಲಸ ಹುಟ್ಟಿದ್ದೇ ಹೀಗೆ. ‘ಫಿಸಿಕಲ್ ಡೈರೆಕ್ಟರ್’ ಅನ್ನುವ ಹೆಸರು ನಮಗೆ ಸರ್ಕಾರದಿಂದ ಬಂದದ್ದಲ್ಲ, ಕ್ರೈಸ್ತ ಯುವಕರ ಸಂಘವಾದ ವೈ.ಎಂ.ಸಿ.ಎ.ಯಿಂದ ಬಂದದ್ದು. ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ವೈ.ಎಂ.ಸಿ.ಎ. ನಡೆಸುತ್ತಿದ್ದ ತರಬೇತಿ ಶಾಲೆಯಲ್ಲಿ 1891ರ ಚಳಿಗಾಲದಲ್ಲಿ ಜೇಮ್ಸ್ ನೈಸ್ಮಿತ್ ಬಾಸ್ಕೆಟ್‌ಬಾಲ್ ಕಟ್ಟಿದರು. ಅಲ್ಲೇ ಓದಿದ ವಿಲಿಯಂ ಮಾರ್ಗನ್ 1895ರಲ್ಲಿ ಪಕ್ಕದ ಹೋಲಿಯೋಕ್‌ನಲ್ಲಿ ವಾಲಿಬಾಲ್ ಕಟ್ಟಿದರು. ಅದೇ ಶಾಲೆಯಿಂದ ಹೊರಟ ಹ್ಯಾರಿ ಕ್ರೋ ಬಕ್ ಮದ್ರಾಸಿಗೆ ಬಂದು 1920ರಲ್ಲಿ ದೈಹಿಕ ಶಿಕ್ಷಣ ಕಾಲೇಜು ತೆರೆದರು. 1924ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಭಾರತದ ತಂಡದ ಜೊತೆ ಹೋದವರೂ ಅವರೇ. ದಕ್ಷಿಣದ ಎಷ್ಟೋ ಊರುಗಳ ಪಿ.ಡಿ.ಗಳು ಆ ಮದ್ರಾಸ್ ಕಾಲೇಜಿನವರು, ಇಲ್ಲವೇ ಅಲ್ಲಿ ಕಲಿತವರ ಶಿಷ್ಯರು. ನನಗೆ ಕಲಿಸಿದ ಮೇಷ್ಟ್ರ ಮೇಷ್ಟ್ರು ಅಲ್ಲಿಯವರು. ಒಬ್ಬನೇ ಮನುಷ್ಯ ಎಲ್ಲ ಆಟವನ್ನೂ ನೋಡಿಕೊಳ್ಳಬೇಕು ಅನ್ನುವುದು ಬಡತನಕ್ಕೆ ಮಾಡಿಕೊಂಡ ಏರ್ಪಾಡು ಅಂತ ನಾನು ಅಂದುಕೊಂಡಿದ್ದೆ. ಅದು ಈ ಕೆಲಸದ ಮೂಲದಲ್ಲೇ ಇದೆ ಅಂತ ತಿಳಿದ ಮೇಲೆ ಮನಸ್ಸು ಹಗುರವಾಯಿತು.

ನಮ್ಮ ಗ್ರೌಂಡ್ ಉದ್ದ 110 ಮೀಟರ್, ಅಗಲ 60. 400 ಮೀಟರ್ ಟ್ರ್ಯಾಕ್ ಇದರಲ್ಲಿ ಹಿಡಿಯುವ ಮಾತೇ ಇಲ್ಲ. ಹಾಗಾಗಿ 200 ಮೀಟರ್ ಟ್ರ್ಯಾಕ್ ಹಾಕುತ್ತಿದ್ದೆ. ಒಳಗೆರೆಯ ತ್ರಿಜ್ಯ 16 ಮೀಟರ್. ಓಡುವವನು ಗೆರೆಯಿಂದ 20 ಸೆಂಟಿಮೀಟರ್ ಆಚೆ ಓಡುತ್ತಾನೆ ಅಂತ ಲೆಕ್ಕ, ಹಾಗಾಗಿ ಎರಡು ಅರ್ಧವೃತ್ತ ಸೇರಿ ಸುಮಾರು 101.8 ಮೀಟರ್ ಆಗುತ್ತದೆ. ಉಳಿದದ್ದನ್ನು ಎರಡು ಭಾಗ ಮಾಡಿದರೆ ನೇರಭಾಗ 49 ಮೀಟರ್ 10 ಸೆಂಟಿಮೀಟರ್. ಅಂದರೆ ಎರಡು ಕೇಂದ್ರಗಳ ನಡುವಿನ ದೂರವೂ ಅಷ್ಟೇ. ಆ ಎರಡು ಕೇಂದ್ರಗಳಲ್ಲಿ ನಾನು 1993ರ ಬೇಸಿಗೆಯಲ್ಲಿ ಒಂದೂವರೆ ಅಡಿ ಉದ್ದದ ಕಬ್ಬಿಣದ ಗೂಟ ಹೊಡೆದು, ತಲೆ ನೆಲದಿಂದ ನಾಲ್ಕು ಬೆರಳು ಕೆಳಗೆ ಇರುವಂತೆ ಹೂತೆ. ಯಾರ ಕಾಲಿಗೂ ತಾಗಬಾರದು, ಯಾರೂ ಕಿತ್ತೊಯ್ಯಲೂಬಾರದು. ವರ್ಷಕ್ಕೊಮ್ಮೆ ಮಣ್ಣು ಕೆದಕಿ ಗೂಟಕ್ಕೆ ಹಗ್ಗದ ಕುಣಿಕೆ ಹಾಕಿ, ಇನ್ನೊಂದು ತುದಿಗೆ ಮೊಳೆ ಕಟ್ಟಿ ಎಳೆಯುತ್ತಾ ಹೋದರೆ ಟ್ರ್ಯಾಕ್ ತಾನಾಗಿ ಬರುತ್ತದೆ. ಹಿಂದಿನಿಂದ ಒಬ್ಬ ಹುಡುಗ ಡಬ್ಬದಿಂದ ಸುಣ್ಣ ಉದುರಿಸುತ್ತಾ ಬರುತ್ತಾನೆ.

ಸುಣ್ಣ ಹಾಕುವ ದಿನ ನಾನು ಬೇಕೆಂದೇ ಗಣಿತಕ್ಕೆ ಹೆದರುವ ಹುಡುಗರನ್ನು ಜೊತೆಗೆ ಕರೆಯುತ್ತಿದ್ದೆ. ಅಂಚಿಗೆ ಕಟ್ಟೆ ಇಲ್ಲದ ಸುಣ್ಣದ ಗೆರೆಯ ಟ್ರ್ಯಾಕಿನಲ್ಲಿ ಒಂದು ಪೂರ್ತಿ ಸುತ್ತಿಗೆ ಎರಡನೇ ಲೇನಿನವನು ಮೊದಲನೆಯವನಿಗಿಂತ 7.67 ಮೀಟರ್ ಮುಂದೆ ನಿಲ್ಲಬೇಕು. ಲೇನಿನ ಅಗಲ 1.22 ಮೀಟರ್, ಅದನ್ನು ಎರಡು ಪೈ ಇಂದ ಗುಣಿಸಿದರೆ ಬರುವ ಸಂಖ್ಯೆ ಅದು. ಟ್ರ್ಯಾಕ್ 200 ಮೀಟರಿನದೇ ಇರಲಿ, 400 ಮೀಟರಿನದೇ ಇರಲಿ, ಒಂದು ಸುತ್ತಿಗೆ ಉತ್ತರ ಅದೇ. ಬಿ.ಎ. ಓದುವ ಹುಡುಗನೊಬ್ಬ ಇದನ್ನು ನಂಬದೆ, ಟೇಪ್ ಹಿಡಿದು ಮಧ್ಯಾಹ್ನದ ಬಿಸಿಲಲ್ಲಿ ಎರಡು ಸಲ ಅಳೆದು ಬಂದು ನನ್ನ ಮುಖ ನೋಡಿದ ರೀತಿ ಇವತ್ತಿಗೂ ಕಣ್ಣ ಮುಂದೆ ಇದೆ.

ನೇರಭಾಗ ಐವತ್ತು ಮೀಟರ್ ಕೂಡ ಇಲ್ಲದ ಕಡೆ 100 ಮೀಟರ್ ಓಟ ನಡೆಸುವುದು ಹೇಗೆ? ಮೂಲೆಯಿಂದ ಮೂಲೆಗೆ. ಓಟ ಮುಗಿಯುವ ಮೂಲೆಯಲ್ಲಿ ಒಂದು ಹಲಸಿನ ಮರ. ಅದರ ಮುಂದೆ ಇಬ್ಬರು ಗಟ್ಟಿ ಹುಡುಗರನ್ನು ನಿಲ್ಲಿಸುತ್ತಿದ್ದೆ, ಓಡಿ ಬಂದವರನ್ನು ತಬ್ಬಿ ಹಿಡಿಯುವುದಕ್ಕೆ.

ಇನ್ನು ಮಳೆ. ಜೂನ್‌ನಲ್ಲಿ ಕಾಲೇಜು ಶುರು, ಜೂನ್‌ನಲ್ಲೇ ಮಳೆ ಶುರು. ಗ್ರೌಂಡಿನಲ್ಲಿ ಪಾದ ಮುಳುಗುವಷ್ಟು ನೀರು ನಿಂತು ಸೆಪ್ಟೆಂಬರ್‌ವರೆಗೂ ಕಪ್ಪೆ ಕೂಗುತ್ತಿರುತ್ತವೆ. ಬಯಲುಸೀಮೆ ಕಡೆಯ ಕಾಲೇಜುಗಳು ಮೂರು ತಿಂಗಳು ಅಭ್ಯಾಸ ಮಾಡಿ ಬರುತ್ತವೆ, ನಮ್ಮ ಮಕ್ಕಳು ಕಾರಿಡಾರಿನಲ್ಲಿ ಸ್ಕಿಪ್ಪಿಂಗ್ ಮಾಡಿ, ಮೆಟ್ಟಿಲು ಹತ್ತಿ ಇಳಿದು ಬರುತ್ತಾರೆ. ಬಾಲ್ ಬ್ಯಾಡ್ಮಿಂಟನ್ನಿನ ಉಣ್ಣೆ ಚೆಂಡು ಒಂದು ಹನಿ ತಾಗಿದರೂ ಕೆಲಸಕ್ಕೆ ಬಾರದು. ಮಳೆ ನಿಂತು ನೆಲ ಆರಿ ಇನ್ನೇನು ಅಭ್ಯಾಸ ಕುದುರಿತು ಅನ್ನುವಾಗ ಅಡಿಕೆ ಕೊಯ್ಲು ಬರುತ್ತದೆ. ಅರ್ಧ ತಂಡ ತೋಟಕ್ಕೆ.

ಮಲೆನಾಡಿನ ಪಿ.ಡಿ. ತನ್ನ ಹುಡುಗರನ್ನು ಅಡಿಕೆಯಿಂದ ಬಿಡಿಸಿಕೊಂಡು ಬರುವುದರಲ್ಲೇ ಅರ್ಧ ಆಯುಸ್ಸು ಕಳೆಯುತ್ತಾನೆ. ಆದರೆ ಆ ತೋಟವೇ ನನಗೆ ನೋಡುವುದನ್ನು ಕಲಿಸಿತು. ಅಡಿಕೆ ಮರ ಹತ್ತಿ ಕೊನೆ ಇಳಿಸುವ ಒಬ್ಬ ಕೊನೆಗಾರನ ಮಗ ಕಾಲೇಜಿಗೆ ಬಂದಿದ್ದ. ರಜೆಯಲ್ಲಿ ತಾನೂ ಮರ ಹತ್ತುತ್ತಿದ್ದ. ಎಲ್ಲರ ಹಾಗೆ ಅವನಿಗೂ ಕ್ರಿಕೆಟ್ ಬೇಕಿತ್ತು, ಕ್ರಿಕೆಟ್ ಮಾತ್ರ ಒಲಿಯುತ್ತಿರಲಿಲ್ಲ. ಒಂದು ಸಂಜೆ ವಾಲಿಬಾಲ್ ನೆಟ್ಟಿನ ಹಗ್ಗ ಮೇಲಿನ ಕೊಂಡಿಯಿಂದ ಜಾರಿದಾಗ ಸ್ಟೂಲ್ ತರುವುದಕ್ಕೂ ಕಾಯದೆ ಕಬ್ಬಿಣದ ಕಂಬವನ್ನು ಬರಿಗಾಲಲ್ಲಿ ಹತ್ತಿ, ಒಂದೇ ಕೈಯಲ್ಲಿ ಮೈ ತೂಗಿ ಹಿಡಿದುಕೊಂಡು ಹಗ್ಗ ಕಟ್ಟಿ ಇಳಿದ. ಕೊನೆಗಾರ ಒಂದು ಮರದ ತುದಿಯನ್ನು ತೂಗಾಡಿಸಿ ಪಕ್ಕದ ಮರಕ್ಕೆ ದಾಟುವುದನ್ನು ನೋಡಿದವರಿಗೆ ಗೊತ್ತು, ಆ ಹೊಟ್ಟೆ, ಆ ಹೆಗಲು, ಆ ಅಂದಾಜು ಹೇಗಿರುತ್ತದೆ ಅಂತ. ಮಾರನೆಯ ದಿನವೇ ಅವನ ಕೈಗೆ ಬಿದಿರಿನ ಗಳ ಕೊಟ್ಟೆ. ಪೋಲ್ ವಾಲ್ಟ್ ಕಲಿಸುವಷ್ಟು ನನಗೆ ಗೊತ್ತಿರಲಿಲ್ಲ. ಪುಸ್ತಕದ ಚಿತ್ರ ನೋಡಿಕೊಂಡು, ಮರಳಿನ ಗುಂಡಿಗೆ ಮೂರು ಚಕ್ಕಡಿ ಹುಲ್ಲು ಹಾಕಿಸಿ ಇಬ್ಬರೂ ಸೇರಿ ಕಲಿತೆವು. ಆ ವರ್ಷ ಅಂತರಕಾಲೇಜು ಕೂಟದಲ್ಲಿ ಅವನಿಗೆ ಮೂರನೆಯ ಸ್ಥಾನ ಬಂತು. ಅವನು ಮೇಲೇರಿ ಅಡ್ಡಗಂಬಿ ದಾಟುವಾಗ ಅವನ ಮುಖದಲ್ಲಿ ಭಯದ ಸುಳಿವೇ ಇರಲಿಲ್ಲ. ಹುಟ್ಟಿದ ಮನೆಯಲ್ಲೇ ಅಷ್ಟು ಎತ್ತರ ಕಂಡವನು ಅವನು.

ವಾಲಿಬಾಲ್ ಮಾತ್ರ ಕಲಿಸುವ ಕೋಚ್ ಆಗಿದ್ದರೆ ಆ ಸಂಜೆ ನಾನು ನೋಡುತ್ತಿದ್ದದ್ದು ನೆಟ್ ಸರಿಯಾಯಿತೋ ಇಲ್ಲವೋ ಅನ್ನುವುದನ್ನಷ್ಟೇ. ಚಿಕ್ಕ ಕಾಲೇಜಿನಲ್ಲಿ ಒಂದೇ ಮಗುವನ್ನು ಬೆಳಿಗ್ಗೆ ಓಟದಲ್ಲಿ, ಮಧ್ಯಾಹ್ನ ಚೆಸ್ ಮಣೆಯ ಮುಂದೆ, ಸಂಜೆ ಖೋ ಖೋ ಅಂಕಣದಲ್ಲಿ ನೋಡುತ್ತೇವೆ. ಯಾವ ಆಟದಲ್ಲಿ ಅದು ಮಂಕಾಗುತ್ತದೆ, ಯಾವುದರಲ್ಲಿ ಮೈಮರೆಯುತ್ತದೆ ಅಂತ ಗೊತ್ತಾಗುತ್ತದೆ. ಒಂದೇ ಆಟಕ್ಕೆ ಕಟ್ಟುಬಿದ್ದ ಗೆಳೆಯರಿಗೆ ಇದು ಸಿಗುವುದು ಕಷ್ಟ. ನನ್ನ ಅರೆಬರೆ ವಿದ್ಯೆಗೆ ಸಿಕ್ಕ ಪ್ರತಿಫಲ ಇದು ಅಂತಲೇ ನಂಬಿದ್ದೇನೆ.

ಇನ್ನೊಬ್ಬಳು ಹುಡುಗಿಯ ವಿಷಯ ಹೇಳದಿದ್ದರೆ ಈ ಬರಹ ನಿಲ್ಲಲಾರದು. 2009ರ ಹೊತ್ತಿಗೆ ಮೊದಲ ವರ್ಷದ ಬಿ.ಎ.ಗೆ ಬಂದವಳು, ಥ್ರೋಬಾಲ್ ಆಡುತ್ತಿದ್ದಳು. ಎತ್ತರ ಕಡಿಮೆ, ಎಸೆತದಲ್ಲಿ ಬಲವೂ ಅಷ್ಟಕ್ಕಷ್ಟೆ. ಆದರೆ ಅವಳ ಕೈಗೆ ಬಂದ ಚೆಂಡು ಬಿದ್ದದ್ದನ್ನು ನಾನು ನೋಡಲಿಲ್ಲ. ಬೆರಳೆಲ್ಲ ಅಡಿಕೆಯ ಚೊಗರಿಗೆ ಕಪ್ಪಾಗಿತ್ತು. ದಿನಾ ರಾತ್ರಿ ಮೆಟ್ಟುಗತ್ತಿಯ ಮುಂದೆ ಕೂತು ಡಬ್ಬ ಡಬ್ಬ ಅಡಿಕೆ ಸುಲಿಯುವ ಕೈ ಅದು. ಅದನ್ನು ನೋಡಿ ಕಬಡ್ಡಿಗೆ ಬಾ ಅಂದೆ. ಅವಳು ಬರಲಿಲ್ಲ. ಚಡ್ಡಿ ಹಾಕಬೇಕು, ಮಣ್ಣಲ್ಲಿ ಬೀಳಬೇಕು, ಅಮ್ಮ ಬೈತಾರೆ ಅಂದಳು. ಹದಿನೈದು ದಿನ ಸುಮ್ಮನಿದ್ದು, ಒಂದು ದಿನ ಆಟಗಾರ್ತಿ ಕಡಿಮೆ ಇದ್ದಾಗ ಚೂಡಿದಾರದಲ್ಲೇ ಎಡ ಮೂಲೆಗೆ ನಿಲ್ಲಿಸಿದೆ. ಎರಡನೇ ರೈಡಿನಲ್ಲಿ ಎದುರಾಳಿಯ ಪಾದ ಒಳಗೆ ಬಂದದ್ದೇ ತಡ, ಎರಡೂ ಕೈಯಲ್ಲಿ ಹಿಡಿದಳು. ಹಿಡಿದದ್ದನ್ನು ಬಿಡಲಿಲ್ಲ. ವಿಸಲ್ ಊದಿದ ಮೇಲೂ ಬಿಡಲಿಲ್ಲ.

ಡಿಸೆಂಬರಿನಲ್ಲಿ ಅಂತರಕಾಲೇಜು ಪಂದ್ಯ ಬಂತು. ಅವಳ ಮನೆಯಲ್ಲಿ ಕೊಯ್ಲು. ಸಂಜೆ ಬಸ್ ಹಿಡಿದು, ಇಳಿದು ಎರಡು ಮೈಲಿ ನಡೆದು ಹೋದೆ. ಅಂಗಳದಲ್ಲಿ ಬಲ್ಬಿನ ಕೆಳಗೆ ಮನೆಮಂದಿಯೆಲ್ಲ ಸುಲಿಯುತ್ತಾ ಕೂತಿದ್ದರು. ಅವಳ ಅಪ್ಪ ಎದ್ದು ಮಣೆ ಹಾಕಿದರು.

“ಎಂತ ಮಾಡೋದು ಮೇಷ್ಟ್ರೆ, ಆಳು ಸಿಗಲ್ಲ. ಕೊಯ್ಲು ಮುಗೀಲಿ, ಆಮೇಲೆ ಎಲ್ಲಿಗೆ ಬೇಕಾದ್ರೂ ಕರ್ಕೊಂಡು ಹೋಗಿ. ನಾನು ಬೇಡ ಅನ್ನಲ್ಲ.”

“ಪಂದ್ಯ ನಾಡಿದ್ದು ಗೌಡ್ರೆ.”

ಅವರು ಮಾತಾಡಲಿಲ್ಲ. ನಾನೂ ಮಾತಾಡಲಿಲ್ಲ. ಒಂದು ಮೆಟ್ಟುಗತ್ತಿ ಖಾಲಿ ಇತ್ತು, ಅದರ ಮುಂದೆ ಕೂತೆ. ರಾತ್ರಿ ಹನ್ನೊಂದರವರೆಗೆ ಸುಲಿದೆ, ಅವರ ಮಗಳು ಎರಡು ಡಬ್ಬ ತುಂಬಿಸುವ ಹೊತ್ತಿಗೆ ನನ್ನದು ಅರ್ಧ. ಊಟಕ್ಕೆ ಎದ್ದಾಗ ಅವಳ ಅಮ್ಮ ಒಳಗಿನಿಂದಲೇ ಕೇಳಿದರು, “ಪಂದ್ಯಕ್ಕೆ ಹೋದ್ರೆ ಎಷ್ಟು ದಿನ ಆಗ್ತದೆ?” ಎರಡು ದಿನ ಅಂದೆ. “ಚಳಿ ಉಂಟಲ್ಲ, ಒಂದು ಸ್ವೆಟರ್ ಇಟ್ಕೊಳೇ” ಅಂತ ಮಗಳಿಗೆ ಹೇಳಿದರು. ಅಷ್ಟೇ ಅನುಮತಿ.

ಆ ವರ್ಷ ಸೆಮಿಫೈನಲ್ಲಿನಲ್ಲಿ ಸೋತೆವು. ಮರುವರ್ಷ ಅವಳು ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯಾಗಿ ದಕ್ಷಿಣ ವಲಯದ ಪಂದ್ಯಕ್ಕೆ ಹೋದಳು. ಹೆಚ್ಚು ಹೊತ್ತು ಬೆಂಚಿನಲ್ಲೇ ಕೂತಿದ್ದಳು ಅಂತ ಅವಳೇ ಹೇಳಿದಳು. ಅದೇ 2010ರಲ್ಲಿ ಗುವಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಮೊದಲ ಸಲ ಮಹಿಳಾ ಕಬಡ್ಡಿ ಸೇರಿತು, ಭಾರತ ಚಿನ್ನ ಗೆದ್ದಿತು. ಆ ತಂಡದಲ್ಲಿ ಕಾರ್ಕಳದ ಹೆರ್ಮುಂಡೆಯ ಮಮತಾ ಪೂಜಾರಿ ಇದ್ದರು, ನಮ್ಮ ರಾಜ್ಯದ ತೇಜಸ್ವಿನಿ ಬಾಯಿ ಇದ್ದರು. 2012ರಲ್ಲಿ ಪಾಟ್ನಾದ ವಿಶ್ವಕಪ್‌ಗೆ ಮಮತಾ ಅವರೇ ನಾಯಕಿ. ಪೇಪರಿನಲ್ಲಿ ಬಂದ ಅವರ ಚಿತ್ರವನ್ನು ನಮ್ಮ ಹುಡುಗಿ ಕತ್ತರಿಸಿ ಕ್ರೀಡಾ ಕೊಠಡಿಯ ಬೀರುವಿಗೆ ಅಂಟಿಸಿದಳು. ನಾನು ಚಾರ್ಜ್ ಕೊಡುವ ದಿನವೂ ಅದು ಅಲ್ಲಿತ್ತು, ಹಳದಿಯಾಗಿ. ಅವಳು ಈಗ ಅರಣ್ಯ ಇಲಾಖೆಯಲ್ಲಿ ಗಾರ್ಡ್.

ತಪ್ಪು ಮಾಡಿದ್ದನ್ನೂ ಬರೆಯಬೇಕು. 2003ರಲ್ಲಿ ಹುಡುಗರ ಖೋ ಖೋ ತಂಡ ನಾನು ಕಂಡ ತಂಡಗಳಲ್ಲೇ ಅತ್ಯುತ್ತಮ. ಮಳೆಯಲ್ಲೂ ಸಭಾಂಗಣದ ಕುರ್ಚಿ ಸರಿಸಿ ಅಭ್ಯಾಸ ಮಾಡಿದ್ದರು. ಪಂದ್ಯದ ಬೆಳಿಗ್ಗೆ ಸುಮಾರು ನೂರು ಕಿಲೋಮೀಟರ್ ದೂರ ಹೋಗಿ ಎಲಿಜಿಬಿಲಿಟಿ ಫಾರಂ ಕೊಟ್ಟಾಗ ನಾಲ್ಕು ಹುಡುಗರ ಪಿ.ಯು. ಅಂಕಪಟ್ಟಿಯ ಪ್ರತಿ ಇರಲಿಲ್ಲ. ನನ್ನ ಮೇಜಿನ ಡ್ರಾಯರಿನಲ್ಲಿ ಉಳಿದಿತ್ತು. ಹನ್ನೆರಡರಲ್ಲಿ ನಾಲ್ಕು ಹೋದರೆ ಎಂಟು. ಖೋ ಖೋಗೆ ಒಂಬತ್ತು ಜನ ಬೇಕು. ಫ್ಯಾಕ್ಸ್ ತರಿಸಲು ಓಡಾಡಿದೆ, ಅಷ್ಟರಲ್ಲಿ ನಮ್ಮ ಪಂದ್ಯದ ಸಮಯ ಮುಗಿಯಿತು. ನಿಯಮದಂತೆ ನಡೆದುಕೊಂಡವರನ್ನು ನಾನು ದೂರಲಾರೆ. ವಾಪಸ್ ಬರುವಾಗ ಬಸ್ಸಿನಲ್ಲಿ ಯಾರೂ ನನ್ನ ಮೇಲೆ ಸಿಟ್ಟು ಮಾಡಲಿಲ್ಲ, ಅದೇ ಹೆಚ್ಚು ನೋವಾಯಿತು. ಆ ತಂಡದ ಏಳು ಹುಡುಗರಿಗೆ ಅದು ಕೊನೆಯ ವರ್ಷ. ಅವರಲ್ಲೊಬ್ಬ ಇಳಿಯುವಾಗ “ಬಿಡಿ ಸರ್, ಅಭ್ಯಾಸ ಮಾಡಿದ್ದೇ ಚೆನ್ನಾಗಿತ್ತು” ಅಂದ. ಅಲ್ಲಿಂದ ಮುಂದೆ ಹತ್ತೊಂಬತ್ತು ವರ್ಷ ಪ್ರತಿ ತಂಡದ ಕಾಗದವನ್ನೂ ಹಿಂದಿನ ರಾತ್ರಿ ಮನೆಯಲ್ಲಿ ನೆಲದ ಮೇಲೆ ಹರಡಿ, ನನ್ನ ಹೆಂಡತಿಯಿಂದ ಹೆಸರು ಓದಿಸಿ ಜೋಡಿಸುತ್ತಿದ್ದೆ.

ಆಗಸ್ಟ್ 15ರ ಪಥಸಂಚಲನ, ಚುನಾವಣಾ ಡ್ಯೂಟಿ, ಶಿಸ್ತು ಸಮಿತಿ, ಕಾಲೇಜುಗಳ ಮೌಲ್ಯಮಾಪನ ಮಾಡುವ ನ್ಯಾಕ್‌ನವರ ಭೇಟಿಗೆ ಫೈಲು ಜೋಡಿಸುವುದು, ಇವೆಲ್ಲ ಎಲ್ಲ ಪಿ.ಡಿ.ಗಳ ಬದುಕಿನಲ್ಲೂ ಇದ್ದದ್ದೇ.

ಒಂದು ದುಃಖ ಮಾತ್ರ ಕೊನೆಯವರೆಗೂ ಆರಲಿಲ್ಲ. ಎರಡು ವರ್ಷ ಬೆಳೆಸಿದ ಮಗು ಕಣ್ಣಿಗೆ ಬಿದ್ದ ಕೂಡಲೇ ದೊಡ್ಡ ಸಂಸ್ಥೆಗಳವರು ಬರುತ್ತಾರೆ. ಊಟ, ಹಾಸ್ಟೆಲ್, ಶೂ, ಫೀಸು ಎಲ್ಲ ಉಚಿತ. ನಾನು ತಡೆಯಬಹುದಿತ್ತು, ಟಿ.ಸಿ. ತಡಮಾಡಿಸಬಹುದಿತ್ತು. ಮಾಡಲಿಲ್ಲ. ನಮ್ಮಲ್ಲಿ ಕಬಡ್ಡಿಗೆ ಮ್ಯಾಟ್ ಇಲ್ಲ, ಅಲ್ಲಿ ಇದೆ. 2014ರಲ್ಲಿ ಶುರುವಾದ ಪ್ರೊ ಕಬಡ್ಡಿ ಕೂಡ ಮ್ಯಾಟಿನ ಮೇಲೆಯೇ. ಮಣ್ಣಿನಲ್ಲಿ ಹೆಬ್ಬೆರಳು ಊರಿ ತಿರುಗುತ್ತಿದ್ದ ನಮ್ಮ ಹುಡುಗರು ಶೂ ಹಾಕಿ ಮ್ಯಾಟಿನ ಮೇಲೆ ಹೋದ ಕೂಡಲೇ ಕಾಲಿನ ಲೆಕ್ಕ ತಪ್ಪಿ ಬೀಳುತ್ತಿದ್ದರು. ಅವರು ಹೋಗಬೇಕಾದಲ್ಲಿಗೆ ಹೋಗಲಿ ಅಂತ ನಾನೇ ಪತ್ರ ಬರೆದುಕೊಟ್ಟಿದ್ದೇನೆ. ಆದರೂ ಅವರ ಹೆಸರಿನ ಮುಂದೆ ಬೇರೆ ಕಾಲೇಜಿನ ಹೆಸರು ಪೇಪರಿನಲ್ಲಿ ಬಂದ ಬೆಳಿಗ್ಗೆ ಮನಸ್ಸು ಒಂದು ಗಳಿಗೆ ಭಾರವಾಗುತ್ತಿತ್ತು.

ಮೇ 31ರ ಆ ಸಂಜೆ ಮೇಡಂ ಜೊತೆ ಗ್ರೌಂಡಿಗೆ ಇಳಿದೆ. ಮುಂಗಾರಿಗೆ ಮುಂಚಿನ ಒಂದೆರಡು ಮಳೆ ಬಿದ್ದು ನೆಲ ಮೆತ್ತಗಿತ್ತು. ಹಲಸಿನ ಮರಕ್ಕೂ ಲೈಬ್ರರಿಯ ಎರಡನೇ ಕಿಟಕಿಗೂ ಒಂದು ಗೆರೆ ಎಳೆದುಕೊಳ್ಳಿ, ಮರದಿಂದ ನಲವತ್ತೊಂದು ಹೆಜ್ಜೆ ಅಂದೆ. ಅವರು ಎಣಿಸಿದರು. ಅವರ ಹೆಜ್ಜೆ ಚಿಕ್ಕದು, ನನ್ನ ಲೆಕ್ಕದ ಜಾಗಕ್ಕೆ ಮುಟ್ಟಲಿಲ್ಲ. “ಹಾಗಾದ್ರೆ ನನ್ನ ಲೆಕ್ಕದಲ್ಲಿ ಎಷ್ಟು ಸರ್?” ಅಂತ ಮತ್ತೆ ಮರದಿಂದ ಶುರು ಮಾಡಿದರು. ಐವತ್ತೆರಡು. ಚಪ್ಪಲಿ ಬಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂತು ಕೈಯಿಂದಲೇ ಹುಲ್ಲು ಕಿತ್ತು ಮಣ್ಣು ಕೆದಕಿದರು. ನಾಲ್ಕು ಬೆರಳು ಕೆಳಗೆ ತುಕ್ಕು ಹಿಡಿದ ಗೂಟದ ತಲೆ ಸಿಕ್ಕಿತು. ಅಲ್ಲಾಡಿಸಿ ನೋಡಿದರು. ಗಟ್ಟಿಯಾಗಿತ್ತು.

ರಿಜಿಸ್ಟರಿನ ಕೊನೆಯ ಹಾಳೆ ತೆರೆದು ಅಲ್ಲೇ ಮಂಡಿಯ ಮೇಲಿಟ್ಟುಕೊಂಡು ಬರೆದುಕೊಂಡರು: ‘ಗೂಟ 2. ಹಲಸಿನ ಮರದಿಂದ 52 ಹೆಜ್ಜೆ.’ ಆಮೇಲೆ ತಲೆಯೆತ್ತಿ, “ಇನ್ನೊಂದು ಎಲ್ಲಿ ಸರ್?” ಅಂದರು. ನಾನು ಟೇಪಿನ ಒಂದು ತುದಿ ಅವರ ಕೈಗೆ ಕೊಟ್ಟು, ಇನ್ನೊಂದು ತುದಿ ಹಿಡಿದುಕೊಂಡು ಲೈಬ್ರರಿಯ ಕಡೆಗೆ ನಡೆದೆ.